ಇವರ ಹೆಸರೇನು? ನೋಂದಣಿ ಮೇಜಿನ ಒಂದು ಪ್ರಕರಣ

ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಾಚರಣೆಗೆಂದು ಕರೆದಿದ್ದ ಪೂರ್ವಭಾವಿ ಸಭೆಯಲ್ಲಿ ಆಮಂತ್ರಣ ಪತ್ರಿಕೆಯ ಒಂದೇ ಒಂದು ಪದಕ್ಕಾಗಿ ಸುಮಾರು ಎರಡು ಗಂಟೆ ಚರ್ಚೆ ನಡೆಯಿತು. ಅದಾದ ಹದಿನೈದು ದಿನಕ್ಕೆ, ಕಾರ್ಯಕ್ರಮದ ಬೆಳಿಗ್ಗೆ, ನೋಂದಣಿ ಮೇಜಿನ ಮುಂದೆ ಒಬ್ಬ ಮಹಿಳೆಗೆ ನನ್ನ ಮಾತಿನಿಂದ ನೋವಾಯಿತು. ಸಭೆಯಲ್ಲಿ ನಾವು ಅಷ್ಟು ಹೊತ್ತು ತೂಗಿ ನೋಡಿದ್ದ ಯಾವ ಪದವನ್ನೂ ನಾನು ಆಗ ಆಡಿರಲಿಲ್ಲ. ಆಡಿದ್ದು ದಿನಕ್ಕೆ ಹತ್ತಾರು ಸಲ ಎಲ್ಲರ ಬಾಯಲ್ಲೂ ಬರುವ, ಯಾರೂ ತಪ್ಪೆನ್ನದ, ಮರ್ಯಾದೆಯ ಮಾತನ್ನೇ. ಈ ಎರಡನ್ನೂ ಒಂದೇ ಪ್ರಕರಣವಾಗಿ ಓದಬೇಕೆಂದು ನನಗೆ ತೋರುತ್ತದೆ. ಯಾವ ಪದ ಸರಿ, ಯಾವುದು ತಪ್ಪು ಎಂಬ ವಾದದಲ್ಲಿ ನಾವು ಮುಳುಗಿದ್ದಾಗ ಯಾರನ್ನು ನೋಡಿ ಮಾತಾಡುತ್ತಿದ್ದೇವೆ ಎಂಬ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಪ್ರಕರಣದಲ್ಲಿ ಬರುವ ವ್ಯಕ್ತಿಗಳ ಹೆಸರನ್ನೂ ಊರಿನ ಗುರುತನ್ನೂ ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

ಸಭೆಯಲ್ಲಿ ನನ್ನ ಪಾತ್ರ ಚಿಕ್ಕದು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ಎಂಬ ಕಾರಣಕ್ಕೆ ಪತ್ರಿಕೆಯ ಕರಡು ಬರೆಯುವ ಕೆಲಸ ನನಗೆ ಬಂದಿತ್ತು. ತಾಲ್ಲೂಕು ಪಂಚಾಯಿತಿಯ ಹಿರಿಯ ಅಧಿಕಾರಿಯೊಬ್ಬರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ನಾಲ್ಕೈದು ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರು, ಇಬ್ಬರು ಮುಖ್ಯೋಪಾಧ್ಯಾಯರು ಮತ್ತು ಸ್ಥಳೀಯ ಸಂಘದ ಕೆಲವರು ಸೇರಿದ್ದರು. ನನ್ನ ಕರಡಿನಲ್ಲಿ ‘ವಿಕಲಚೇತನರ ದಿನಾಚರಣೆ’ ಎಂದಿತ್ತು. ರಾಜ್ಯದಲ್ಲಿ ಇಲಾಖೆಯ ಹೆಸರೇ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎಂದಿರುವಾಗ ಇದರಲ್ಲಿ ತಕರಾರು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಮೊದಲ ತಕರಾರು ಅಧಿಕಾರಿಯವರದೇ. ‘ದಿವ್ಯಾಂಗ’ ಎಂದು ಬದಲಿಸಿ ಎಂದರು. ಆ ಪದಕ್ಕೆ ಗೊತ್ತಿರುವ ಒಂದು ಚರಿತ್ರೆಯಿದೆ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ಹಿಂದಿಯ ‘ವಿಕಲಾಂಗ’ದ ಬದಲಿಗೆ ‘ದಿವ್ಯಾಂಗ’ ಎನ್ನಬಹುದೆಂದು ಸೂಚಿಸಿದರು. 2016ರಲ್ಲಿ ಕೇಂದ್ರದ ಇಲಾಖೆಯ ಹಿಂದಿ ಹೆಸರು ಅದರಂತೆ ಬದಲಾಯಿತು. ಅಲ್ಲಿಂದ ರೈಲ್ವೆ ಟಿಕೆಟ್ಟು, ಪ್ರಮಾಣಪತ್ರ, ಫಲಕಗಳಿಗೆ ಪದ ಹರಿಯಿತು. ವೈಕಲ್ಯವುಳ್ಳವರ ಹಲವು ಸಂಘಟನೆಗಳು ಆಗಲೇ ವಿರೋಧ ಸೂಚಿಸಿ, ನಮ್ಮ ದೇಹದಲ್ಲಿ ದೈವತ್ವವನ್ನು ಹುಡುಕುವುದು ಬೇಡ, ಬಸ್ಸು ಹತ್ತಲು, ಶಾಲೆಗೆ ಹೋಗಲು ದಾರಿಯಾಗಲಿ ಎಂಬ ಅರ್ಥದ ಮನವಿಗಳನ್ನು ಕೊಟ್ಟವು. 2019ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದ ವಿಶ್ವಸಂಸ್ಥೆಯ ಸಮಿತಿಯೂ ಈ ಪದ ವಿವಾದಕ್ಕೊಳಗಾಗಿದೆಯೆಂದು ಹೇಳಿ ಕಳವಳ ವ್ಯಕ್ತಪಡಿಸಿತು. ಇದನ್ನೆಲ್ಲ ನಾನು ಸಭೆಯಲ್ಲಿ ಹೇಳಿದೆ. ಅಧಿಕಾರಿ ಕೋಪಿಸಿಕೊಳ್ಳಲಿಲ್ಲ. ತಮ್ಮ ಕಿರಿಯ ತಮ್ಮನಿಗೆ ಹುಟ್ಟಿದಾಗಿನಿಂದ ಮೆದುಳು ವಾತವಿತ್ತೆಂದೂ, ಊರಿನವರು ‘ಹೋದ ಜನ್ಮದ ಪಾಪ’ ಎಂದಾಗಲೆಲ್ಲ ತಾಯಿ ಬಾಗಿಲು ಹಾಕಿಕೊಂಡು ಅಳುತ್ತಿದ್ದರೆಂದೂ ಹೇಳಿದರು. ‘ದಿವ್ಯಾಂಗ ಅನ್ನೋ ಮಾತು ಆವಾಗ ಇದ್ದಿದ್ದರೆ ನಮ್ಮಮ್ಮ ಅದನ್ನ ಹಿಡ್ಕೊಂಡು ಬದುಕ್ತಿದ್ದಳು ಸಾರ್’ ಎಂದರು. ಆ ಮಾತನ್ನು ನಾನು ಇವತ್ತಿಗೂ ಹಗುರವಾಗಿ ನೋಡಲಾರೆ. ಆದರೆ ಅದರೊಳಗೇ ಒಂದು ಸೂಕ್ಷ್ಮವಿದೆ: ಆ ಪದ ಸಮಾಧಾನ ಹೇಳುವುದು ತಾಯಿಗೆ. ತಮ್ಮನಿಗೆ ಅದು ಏನು ಹೇಳುತ್ತಿತ್ತು ಎಂಬುದನ್ನು ತಮ್ಮನೇ ಹೇಳಬೇಕಿತ್ತು.

ಹಿರಿಯರೊಬ್ಬರು ‘ಅಂಗವಿಕಲ’ ಎಂದೇ ಇರಲಿ ಎಂದರು. ತಮ್ಮ ಹಳೆಯ ಪಾಸ್‌ಬುಕ್ಕು, ಪಿಂಚಣಿ ಕಾಗದ ಎಲ್ಲದರಲ್ಲೂ ಹಾಗೆಯೇ ಇದೆ, ಹೆಸರು ಬದಲಾದರೆ ಯಾವ ಕಚೇರಿಯಲ್ಲಿ ಏನು ತಕರಾರು ಎತ್ತುತ್ತಾರೋ ಎಂಬ ಭಯ ಅವರದು. ಈ ಭಯ ನ್ಯಾಯವಾದದ್ದೇ ಆದರೂ ಪದಕ್ಕೆ ಒಂದು ದೊಡ್ಡ ಕೊರತೆಯಿದೆ. ವೈಕಲ್ಯವುಳ್ಳವರಿಗಾಗಿ ಬಂದ 1995ರ ಕಾಯ್ದೆ ಗುರುತಿಸಿದ್ದ ವೈಕಲ್ಯಗಳು 7. ಅದರ ಜಾಗಕ್ಕೆ ಬಂದ 2016ರ ಅಧಿನಿಯಮ, ಅಂದರೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದು, ಗುರುತಿಸುವುದು 21. ಆಟಿಸಂ, ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ, ಆ್ಯಸಿಡ್ ದಾಳಿಗೆ ಒಳಗಾದವರು, ಕಲಿಕೆಯ ತೊಂದರೆಯಿರುವ ಮಕ್ಕಳು ಎಲ್ಲರೂ ಈಗ ಆ ಪಟ್ಟಿಯಲ್ಲಿದ್ದಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಎಂದು ಎಣಿಸಿದ್ದು ಈ ಪಟ್ಟಿ ಹಿಗ್ಗುವ ಮೊದಲಿನ ಲೆಕ್ಕ. ರಕ್ತದ ಕಾಯಿಲೆಯ ಮಗುವನ್ನು ‘ಅಂಗ’ದ ಲೆಕ್ಕದಲ್ಲಿ ಹಿಡಿಯಲು ಬರುವುದಿಲ್ಲ.

ಹಾಗೆಂದು ನನ್ನ ಕರಡಿನ ಪದವೂ ನಿರ್ದೋಷಿಯಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟವರು ಸಂಘದ ಒಬ್ಬ ಯುವಕರು. ಅವರಿಗೆ ಕಣ್ಣು ಕಾಣಿಸುವುದಿಲ್ಲ; ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾರೆ; ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ದಿನವಿಡೀ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾರೆ. ಅವರು ಕೇಳಿದ್ದು ನೇರವಾಗಿತ್ತು: ‘ಅಂಗವಿಕಲ ಅಂದಾಗ ವಿಕಲ ಆಗಿದ್ದು ಅಂಗ ಸಾರ್. ವಿಕಲಚೇತನ ಅಂದರೆ ವಿಕಲ ಆಗಿರೋದು ಏನು? ನನ್ನ ಚೇತನಕ್ಕೆ ಏನಾಗಿದೆ?’ ಮೂವತ್ತು ವರ್ಷ ಸಮಾಸ ಬಿಡಿಸುವುದನ್ನು ಪಾಠ ಮಾಡಿದವನು ನಾನು. ದಿನನಿತ್ಯ ಬರೆಯುತ್ತಿದ್ದ ಈ ಸಮಾಸವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಕಾಲಿನಲ್ಲಿದ್ದ ಊನವನ್ನು ಒಯ್ದು ಚೈತನ್ಯಕ್ಕೆ ಅಂಟಿಸಿದ ಪದವನ್ನು ನಾವು ಮರ್ಯಾದೆಯ ಪದವೆಂದು ಸ್ವೀಕರಿಸಿಬಿಟ್ಟಿದ್ದೇವೆ. ಕಾಲೇಜು ಹುಡುಗರು ಸೂಚಿಸಿದ ‘ವಿಶೇಷಚೇತನ’ಕ್ಕೂ ಅವರ ಉತ್ತರ ಅಷ್ಟೇ ಸರಳವಾಗಿತ್ತು: ಬ್ಯಾಂಕಿಗೆ ಬರುವವರಿಗೆ ತಾನು ವಿಶೇಷವಾಗಿ ಕಾಣುವುದು ಬೇಡ, ಚಲನ್ ಬೇಗ ಪಾಸು ಮಾಡುವ ಗುಮಾಸ್ತನಾಗಿ ಕಂಡರೆ ಸಾಕು.

ಇಂಗ್ಲಿಷಿನಲ್ಲಿ ಈ ಚರ್ಚೆ ಬೇರೊಂದು ದಾರಿ ಹಿಡಿದಿದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಭಾರತ 2007ರಲ್ಲಿ ಅನುಮೋದಿಸಿದ, ವೈಕಲ್ಯವುಳ್ಳವರ ಹಕ್ಕುಗಳ ಒಡಂಬಡಿಕೆಯ ಭಾಷೆಯಲ್ಲಿ ‘ವ್ಯಕ್ತಿ’ ಎಂಬ ಪದ ಮೊದಲು ಬಂದು ವೈಕಲ್ಯ ಆಮೇಲೆ ಬರುತ್ತದೆ; ಮನುಷ್ಯ ಮೊದಲು, ಊನ ನಂತರ ಎಂಬ ತತ್ತ್ವ ಅಲ್ಲಿ ಪದಗಳ ಕ್ರಮದಲ್ಲೇ ಕಾಣುತ್ತದೆ. ನಮ್ಮ ತರಬೇತಿ ಶಿಬಿರಗಳಲ್ಲಿ ಈ ತತ್ತ್ವವನ್ನು ಹಾಗೆಯೇ ಒಪ್ಪಿಸುವುದುಂಟು. ಆದರೆ ಕನ್ನಡದಲ್ಲಿ ವಿಶೇಷಣ ಯಾವಾಗಲೂ ನಾಮಪದಕ್ಕಿಂತ ಮೊದಲೇ ಬರಬೇಕು. ‘ವೈಕಲ್ಯವುಳ್ಳ ವ್ಯಕ್ತಿ’ ಎಂದರೂ ವೈಕಲ್ಯವೇ ಮೊದಲು, ವ್ಯಕ್ತಿ ಕೊನೆಗೆ. ಆ ದಾರಿ ನಮ್ಮ ವ್ಯಾಕರಣದಲ್ಲಿ ಇಲ್ಲ. ಬದಲಿಗೆ ನಮ್ಮಲ್ಲಿ ಇನ್ನೊಂದು ದಾರಿಯಿದೆ, ಅದನ್ನು ಆ ಯುವಕರು ತಮ್ಮ ಬಗ್ಗೆ ಹೇಳಿಕೊಳ್ಳುವ ರೀತಿಯಲ್ಲಿಯೇ ಕೇಳಿದೆ: ‘ನನಗೆ ಕಣ್ಣು ಕಾಣಲ್ಲ.’ ‘ಕುರುಡ’ ಎಂದಾಗ ಇಡೀ ಮನುಷ್ಯ ಆ ಒಂದು ಗುಣವಾಗಿಬಿಡುತ್ತಾನೆ, ಜೊತೆಗೆ ಏಕವಚನವೂ ಅಂಟಿಕೊಂಡೇ ಬರುತ್ತದೆ. ‘ನನಗೆ ಕಣ್ಣು ಕಾಣಲ್ಲ’ ಎಂದಾಗ ‘ನಾನು’ ಎಂಬುದು ಎಲ್ಲಿಯೂ ಕದಲುವುದಿಲ್ಲ. ನನಗೆ ನೆಗಡಿಯಾಗಿದೆ, ನನಗೆ ಸಂಗೀತ ಬರುತ್ತದೆ, ನನಗೆ ಹಸಿವಾಗಿದೆ ಎಂಬ ಸಾಲಿನಲ್ಲಿ ಇದೂ ಒಂದು ಸಂಗತಿಯಾಗುತ್ತದೆ. ಚತುರ್ಥಿ ವಿಭಕ್ತಿ ನಮಗೆ ಕೊಟ್ಟಿರುವ ಈ ಸೌಕರ್ಯವನ್ನು ಯಾವ ಸಮಿತಿಯೂ ಸೃಷ್ಟಿಸಬೇಕಿಲ್ಲ. ಸಂಸ್ಕೃತದಿಂದ ಹೊಸ ಸಮಾಸ ಕಟ್ಟುವ ನಮ್ಮ ಉತ್ಸಾಹದಲ್ಲಿ ಅದನ್ನು ಮರೆತಿದ್ದೇವೆ ಎಂಬುದು ನನ್ನ ಬಲವಾದ ಅಭಿಪ್ರಾಯ.

ಅಂತೂ ಕೊನೆಗೆ ಪತ್ರಿಕೆಯಲ್ಲಿ ಇಲಾಖೆಯ ಪದವೇ ಉಳಿಯಿತು. ಯಾರಿಗೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಸಭೆಯ ಮೂಲೆಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ, ಸುಮಾರು ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ಎರಡು ಗಂಟೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲವೆಂಬುದು ನನಗೆ ನೆನಪಾದದ್ದು ಹದಿನೈದು ದಿನದ ಮೇಲೆ. ನಾವು ಯಾರೂ ಅವರನ್ನು ಕೇಳಿರಲಿಲ್ಲ.

ಡಿಸೆಂಬರ್ 3ರ ಬೆಳಿಗ್ಗೆ ಸಮುದಾಯ ಭವನದ ಬಾಗಿಲಲ್ಲಿ ನೋಂದಣಿಯ ಮೇಜು ಹಾಕಿದ್ದರು. ಅಕ್ಷರ ದುಂಡಗಿದೆಯೆಂದು ನನ್ನನ್ನು ಅಲ್ಲಿ ಕೂರಿಸಿದರು. ಮುಂದೆ ದೊಡ್ಡ ರಿಜಿಸ್ಟರು. ಕ್ರಮ ಸಂಖ್ಯೆ, ಹೆಸರು, ಗ್ರಾಮ, ವೈಕಲ್ಯದ ಬಗೆ, ವಿದ್ಯಾಭ್ಯಾಸ, ಫೋನ್ ಸಂಖ್ಯೆ, ಸಹಿ ಎಂದು ಗೆರೆ ಎಳೆದಿತ್ತು. ಅದೇ ಮಹಿಳೆ ಬಂದರು. ಗಾಲಿಕುರ್ಚಿಯನ್ನು ಹದಿನೈದು ಹದಿನಾರರ ಒಬ್ಬ ಹುಡುಗ ತಳ್ಳಿಕೊಂಡು ಬಂದಿದ್ದ. ನಾನು ತಲೆ ಎತ್ತಿ ಹುಡುಗನ ಮುಖ ನೋಡಿ ಕೇಳಿದೆ: ‘ಬಾಪ್ಪಾ, ಇವರ ಹೆಸರೇನು?’ ಅವನು ಹೇಳಿದ, ಬರೆದುಕೊಂಡೆ. ‘ಇವರು ಏನಾದರೂ ಓದಿದ್ದಾರಾ?’ ಎಂದು ಮತ್ತೆ ಅವನನ್ನೇ ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಆಕೆ ಮೇಜಿನ ಮೇಲಿದ್ದ ರಿಜಿಸ್ಟರಿನ ಅಂಚನ್ನು ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಧ್ವನಿ ಏರಿಸಲಿಲ್ಲ. ‘ಸರ್, ಎಂ.ಕಾಂ. ಮಾಡಿದೀನಿ. ಇವನು ನಮ್ಮಣ್ಣನ ಮಗ, ಹತ್ತನೇ ಕ್ಲಾಸು. ಇವನಿಗೆ ಲೆಕ್ಕ ಹೇಳ್ಕೊಡೋದು ನಾನೇ. ಮಾತು ನನಗೂ ಬರುತ್ತೆ’ ಎಂದರು. ಪೆನ್ನಿಗೆ ಕೈ ಚಾಚಿದರು. ನಾನು ಕೊಟ್ಟೆ. ಉಳಿದ ಅಂಕಣಗಳನ್ನು ತಾವೇ ತುಂಬಿದರು. ಹುಡುಗ ಹೇಳಿದ್ದಂತೆ ನಾನು ಬರೆದಿದ್ದ ಹೆಸರಿನಲ್ಲಿ ಮನೆಯಲ್ಲಿ ಕರೆಯುವ ಮುದ್ದಿನ ಹೆಸರೇ ಇತ್ತು, ಅದನ್ನು ಹೊಡೆದು ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಮೊದಲಕ್ಷರವನ್ನೂ ಸೇರಿಸಿ, ಬರೆದರು. ಆ ಹೊಡೆದ ಗೆರೆ ನೇರವಾಗಿ, ಅವಸರವಿಲ್ಲದೆ ಎಳೆದದ್ದಾಗಿತ್ತು.

ನನ್ನ ವಾಕ್ಯದಲ್ಲಿ ಏನಿತ್ತು ಎಂಬುದನ್ನು ಭಾಷೆಯ ಮೇಷ್ಟ್ರಾಗಿಯೇ ನೋಡಬೇಕು. ‘ಇವರ’, ‘ಓದಿದ್ದಾರಾ’: ಎರಡೂ ಗೌರವದ ಬಹುವಚನ. ‘ಇವಳು’, ‘ಈಕೆ’ ಎನ್ನಲಿಲ್ಲ. ಹುಡುಗನನ್ನು ಮಾತ್ರ ‘ಬಾಪ್ಪಾ’ ಎಂದು ಏಕವಚನದಲ್ಲಿ ಕರೆದೆ. ಯಾವ ವ್ಯಾಕರಣದ ಪುಸ್ತಕ ತೆಗೆದರೂ ನನ್ನ ಮಾತಿನಲ್ಲಿ ಅಗೌರವದ ರೂಪವೇ ಇಲ್ಲ. ಆದರೆ ಕನ್ನಡದಲ್ಲಿ ಎದುರಿಗಿರುವವರನ್ನು ‘ಇವರು’ ಎಂದೊಡನೆ ಅವರು ಮಾತಿನ ವಿಷಯವಾಗುತ್ತಾರೆ, ಮಾತಿನ ಪಾಲುದಾರರಾಗುವುದಿಲ್ಲ. ಏಕವಚನದಲ್ಲಾದರೂ ಹುಡುಗನಿಗೆ ‘ನೀನು’ ಎಂಬ ಸ್ಥಾನ ಸಿಕ್ಕಿತು. ಬಹುವಚನದ ಗೌರವ ಪಡೆದ ಆಕೆಗೆ ‘ನೀವು’ ಎಂಬ ಸ್ಥಾನ ಸಿಗಲಿಲ್ಲ. ಹತ್ತನೇ ತರಗತಿಯ ಹುಡುಗ ನಡೆಯಬಲ್ಲ ಎಂಬ ಒಂದೇ ಕಾರಣಕ್ಕೆ ಸ್ನಾತಕೋತ್ತರ ಪದವೀಧರೆಯ ವಕ್ತಾರನಾದ.

2016ರ ಅಧಿನಿಯಮದ 92ನೇ ಸೆಕ್ಷನ್ ವೈಕಲ್ಯವುಳ್ಳ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣೆದುರು ಅವಮಾನಿಸುವ ಉದ್ದೇಶದಿಂದಲೇ ನಿಂದಿಸಿದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಆ ರಕ್ಷಣೆ ಅಗತ್ಯ. ಆದರೆ ಅದು ಉದ್ದೇಶವನ್ನು ಕೇಳುತ್ತದೆ, ನನ್ನಲ್ಲಿ ಉದ್ದೇಶವಿರಲಿಲ್ಲ. ದಿನನಿತ್ಯದ ನೋವುಗಳಲ್ಲಿ ಬಹುಪಾಲು ಕಾನೂನಿನ ಕೈಗೆ ಸಿಗದ ಈ ಜಾಗದಲ್ಲೇ ನಡೆಯುತ್ತವೆ. ಆದ್ದರಿಂದಲೇ ‘ನಾನು ಒಳ್ಳೆಯ ಮನಸ್ಸಿನಿಂದ ಹೇಳಿದ್ದು’ ಎಂಬ ಉತ್ತರ ಪ್ರಕರಣವನ್ನು ಮುಗಿಸುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಅವರ ಬಳಿ ಹೋಗಿ ಕ್ಷಮೆ ಕೇಳಿದೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ಮಾತಿಗೆ ಮಾತು ಬೆಳೆದು ಅವರೂ, ಬ್ಯಾಂಕಿನ ಆ ಯುವಕರೂ ಹೇಳಿದ ಸಂಗತಿಗಳು ಈ ಪ್ರಕರಣದ ನಿಜವಾದ ಸಾಮಗ್ರಿ. ಆಸ್ಪತ್ರೆಯಲ್ಲಿ ವೈದ್ಯರು ನೋವು ಎಲ್ಲಿದೆ ಎಂದು ಜೊತೆಗೆ ಬಂದ ಅತ್ತಿಗೆಯನ್ನು ಕೇಳುತ್ತಾರೆ. ಬಟ್ಟೆಯಂಗಡಿಯಲ್ಲಿ ‘ಇವರಿಗೆ ಯಾವ ಕಲರ್ ಬೇಕಂತೆ?’ ಎಂದು ತಮ್ಮನನ್ನು ಕೇಳುತ್ತಾರೆ. ಹೋಟೆಲಿನ ಮಾಣಿ ಕಣ್ಣು ಕಾಣದವರ ಮುಂದೆ ತಟ್ಟೆಯಿಟ್ಟು ಬಿಲ್ಲನ್ನು ಮಾತ್ರ ಪಕ್ಕದವರ ಕೈಗೆ ಕೊಡುತ್ತಾನೆ. ಬಸ್ಸಿನಲ್ಲಿ ಮೂವತ್ತೈದರ ಗಂಡಸನ್ನು ಇಪ್ಪತ್ತರ ಹುಡುಗ ‘ಎಲ್ಲಿಗ್ ಹೋಗ್ಬೇಕಪ್ಪ, ಬಾ ಕೂತ್ಕೋ’ ಎನ್ನುತ್ತಾನೆ. ಕಾಲು ಸರಿಯಿದ್ದಿದ್ದರೆ, ಕಣ್ಣು ಕಾಣುತ್ತಿದ್ದಿದ್ದರೆ ಅದೇ ಹುಡುಗ ‘ಸಾರ್, ಬನ್ನಿ’ ಎನ್ನುತ್ತಿದ್ದ.

‘ಅಪ್ಪ’, ‘ಅಮ್ಮ’ ಎಂಬ ಮಾತಿಗೆ ಯಾರು ಬೇಸರ ಪಡಬೇಕು ಎಂದು ಕೇಳುವವರಿದ್ದಾರೆ. ಅದು ಸಹಜವಾದ ಪ್ರಶ್ನೆ. ಹೆತ್ತವಳಿಂದ ಹಿಡಿದು ಮಗಳು, ಗ್ರಾಮದೇವತೆ, ದಾರಿಯಲ್ಲಿ ಸಿಕ್ಕ ಅಪರಿಚಿತೆಯವರೆಗೆ ಎಲ್ಲರಿಗೂ ಸಲ್ಲುವ ಪದ ಅದು. ಆದರೆ ಅದರ ಹಿಂದೆ ನಿಂತಿರುವ ಕ್ರಿಯಾಪದದ ತುದಿಯನ್ನು ಗಮನಿಸಬೇಕು. ‘ಕೂತ್ಕೊಳ್ಳಿಮ್ಮ’ ಎಂಬುದೂ ‘ಕೂತ್ಕೊಳಮ್ಮ’ ಎಂಬುದೂ ಕಿವಿಗೆ ಒಂದೇ ಪ್ರೀತಿಯಂತೆ ಕೇಳಿಸುತ್ತವೆ. ನಡುವಿನ ಒಂದು ‘ಇ’ಕಾರದಲ್ಲಿ ಎರಡನೆಯವಳು ಚಿಕ್ಕವಳಾಗಿಬಿಡುತ್ತಾಳೆ. ಮನೆಯ ಹಿರಿಯರು ‘ಬಾರಮ್ಮ’ ಎಂದರೆ ಅದು ಸಲಿಗೆ. ಕಚೇರಿಯ ಕಿಟಕಿಯಿಂದ ಅದೇ ‘ಬಾರಮ್ಮ’ ಬಂದರೆ, ಅದೇ ಸಾಲಿನಲ್ಲಿ ಹಿಂದೆ ನಿಂತ, ಇಸ್ತ್ರಿ ಹಾಕಿದ ಸೀರೆಯವರಿಗೆ ‘ಬನ್ನಿ ಮೇಡಂ’ ಎಂದು ಕೇಳಿಬಂದರೆ, ಪದ ಪ್ರೀತಿಯದಾಗಿ ಉಳಿಯುವುದಿಲ್ಲ. ಪ್ರೀತಿಗೆ ಬಳಸುವ ಪದವನ್ನು ಯಾರಿಗೆ ಬಳಸುತ್ತೇವೆ, ಯಾರಿಗೆ ಬಳಸಲು ಹೆದರುತ್ತೇವೆ ಎಂಬ ಹಂಚಿಕೆಯಲ್ಲಿ ನೋವಿದೆ. ತಹಶೀಲ್ದಾರರು ಅದೇ ವಯಸ್ಸಿನವರಾಗಿ ಅದೇ ಕುರ್ಚಿಯಲ್ಲಿ ಕುಳಿತಿದ್ದರೆ ‘ಬಾರಮ್ಮ’ ಎನ್ನುತ್ತಿದ್ದೆವೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

‘ಪಾಪ’ ಎಂಬ ಪದದ ಮೇಲೆ ಆ ಮಹಿಳೆಗೂ ಬ್ಯಾಂಕಿನ ಯುವಕರಿಗೂ ಒಂದೇ ಅಭಿಪ್ರಾಯವಿತ್ತು. ಸರತಿ ಸಾಲಿನಲ್ಲಿ ‘ಪಾಪ, ಇವರನ್ನ ಮುಂದೆ ಬಿಡಿ’ ಎನ್ನುವವರು ಸಹಾಯವನ್ನೇ ಮಾಡುತ್ತಿರುತ್ತಾರೆ. ಆದರೆ ಮರುಕಕ್ಕೂ ಹೋದ ಜನ್ಮದ ಕೆಟ್ಟ ಕೆಲಸಕ್ಕೂ ಕನ್ನಡದಲ್ಲಿ ಇರುವುದು ಒಂದೇ ಪದ. ಅಧಿಕಾರಿಯವರ ತಾಯಿ ಬಾಗಿಲು ಹಾಕಿಕೊಂಡು ಅತ್ತದ್ದು ಯಾವ ‘ಪಾಪ’ಕ್ಕೋ, ಇಂದು ಕರುಣೆಯಿಂದ ಆಡುವುದೂ ಅದೇ ಅಕ್ಷರಗಳನ್ನು. ಕೇಳುವ ಕಿವಿ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡರೆ ಅದನ್ನು ಅತಿಸೂಕ್ಷ್ಮ ಎನ್ನಲಾಗದು. ಇನ್ನು ಮಾತು ಬಾರದ ದೊಡ್ಡ ಹುಡುಗನನ್ನು ತೋರಿಸಿ ತಾಯಿಯನ್ನು ‘ಇದಕ್ಕೆ ಹುಟ್ಟಿದಾಗಿಂದ ಹಿಂಗೇನಾ?’ ಎಂದು ಯಾರೋ ವಿಚಾರಿಸಿದ್ದು ಅಂದೇ ಮೇಜಿನ ಪಕ್ಕದಲ್ಲಿ ನನ್ನ ಕಿವಿಗೆ ಬಿತ್ತು. ಹಾಲುಗಲ್ಲದ ಮಗುವಿಗೆ ‘ಇದು’ ಎನ್ನುವ ನಮ್ಮ ಮುದ್ದಿನ ನಪುಂಸಕಲಿಂಗ, ಮೀಸೆ ಮೂಡಿದವನಿಗೆ ಅಂಟಿದಾಗ ಅವನನ್ನು ಮನುಷ್ಯರ ಸಾಲಿನಿಂದಲೇ ಹೊರಗಿಡುತ್ತದೆ. ಆ ಹುಡುಗನಿಗೆ ಕಿವಿ ಕೇಳುತ್ತಿರಲಿಲ್ಲ. ಬೆರಳು ತನ್ನ ಕಡೆ ತೋರಿದ್ದನ್ನು ಮಾತ್ರ ನೋಡಿದ.

ಹೊರಗಿನಿಂದ ಕೊಟ್ಟ ಗೌರವದ ಪದವನ್ನು ಪಡೆದವರೇ ತಿರಸ್ಕರಿಸಿದ್ದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ಗಾಂಧೀಜಿ 1930ರ ದಶಕದಲ್ಲಿ ‘ಹರಿಜನ’ ಎಂಬ ಹೆಸರನ್ನು ಬಳಕೆಗೆ ತಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಆರಂಭಿಸಿದರು. ಅವರ ಉದ್ದೇಶದಲ್ಲಿ ಸಂದೇಹ ಪಡುವ ಅಗತ್ಯವಿಲ್ಲ. ಆದರೆ 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಆ ಪದವನ್ನು ಕಾನೂನಿಗೆ ಸೇರಿಸುವ ಪ್ರಸ್ತಾಪ ಬಂದಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ವಿರೋಧಿಸಿ ಸಭೆಯಿಂದ ಹೊರನಡೆದರು. 1982ರಲ್ಲಿ ಜಾತಿ ಪ್ರಮಾಣಪತ್ರಗಳಲ್ಲಿ ಆ ಪದ ಬರೆಯಬಾರದೆಂದು ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಸೂಚಿಸಿತು. ಒಳ್ಳೆಯ ಪದವೋ ಕೆಟ್ಟ ಪದವೋ ಎಂಬುದಕ್ಕಿಂತ ನಮ್ಮ ಹೆಸರನ್ನು ಯಾರು ಇಡಬೇಕು ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ‘ದಿವ್ಯಾಂಗ’ದ ಪ್ರಸಂಗವೂ ಅದೇ ದಾರಿಯಲ್ಲಿದೆ. ಇದಕ್ಕೆ ಎದುರಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ‘ಅಂಧ’ ಎಂಬ ಪದಕ್ಕೆ ಸಂಕೋಚವೇ ಇಲ್ಲ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ಸಂಸ್ಥೆ ಅದು. ಅಲ್ಲಿ ಮಕ್ಕಳು ಹಾರ್ಮೋನಿಯಂ, ತಬಲಾ ಕಲಿತು ಹಾಡುಗಾರರಾಗಿ ಹೊರಬಂದರು. ಆ ಅಂಗಳದಲ್ಲಿ ‘ಅಂಧ’ ಎಂಬುದು ಒಳಗಿನವರ ಪದ. ಅದೇ ಪದವನ್ನು ಕೆಲಸ ಕೇಳಲು ಬಂದವರನ್ನು ಹಿಂದಕ್ಕೆ ಕಳಿಸುವ ಕಚೇರಿಯಲ್ಲಿ ಆಡಿದರೆ ಅದು ಬೇರೆಯದೇ ಪದ.

ಇಲ್ಲಿ ಇನ್ನೊಂದು ತುದಿಯ ಅಪಾಯವನ್ನೂ ದಾಖಲಿಸಬೇಕು. ಬೆಳಗಿನ ಘಟನೆ ಸ್ವಯಂಸೇವಕರಾಗಿ ಬಂದಿದ್ದ ಕಾಲೇಜು ವಿದ್ಯಾರ್ಥಿಗಳ ಕಿವಿಗೆ ಬಿದ್ದು, ಆಮೇಲೆ ಅವರು ತಪ್ಪಾದೀತೆಂದು ಯಾರನ್ನೂ ಮಾತಾಡಿಸದೆ ಗೋಡೆಗೆ ಒರಗಿ ನಿಂತರು. ಒಬ್ಬ ಹುಡುಗಿ ಬ್ಯಾಂಕಿನ ಯುವಕರಿಗೆ ‘ಆಮೇಲೆ ನೋಡೋಣ ಸರ್’ ಎಂದವಳು ‘ನೋಡೋಣ’ ಎಂದದ್ದಕ್ಕೆ ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಿದಳು. ಅವರು ತಾವೂ ನಿನ್ನೆ ರಾತ್ರಿ ಮ್ಯಾಚ್ ‘ನೋಡಿದ್ದಾಗಿ’ ಹೇಳಿ ಅವಳನ್ನು ಸಮಾಧಾನ ಪಡಿಸಿದರು. ಕೇಳಿ ನೋಡು, ಮಾಡಿ ನೋಡು, ರುಚಿ ನೋಡು ಎನ್ನುವ ಕನ್ನಡದಿಂದ ಆ ಕ್ರಿಯಾಪದವನ್ನು ಕಿತ್ತರೆ ಮಾತೇ ನಿಲ್ಲುತ್ತದೆ, ಅದನ್ನು ಯಾರೂ ಕೇಳಿಯೂ ಇಲ್ಲ. ಹೆದರಿಕೆಯಿಂದ ಬಾಯಿ ಮುಚ್ಚಿದವರೂ ನನ್ನ ಹಾಗೆಯೇ ಎದುರಿನವರನ್ನು ಮಾತಿನಿಂದ ಹೊರಗಿಟ್ಟಂತಾಯಿತು. ನಿಷಿದ್ಧ ಪದಗಳ ಪಟ್ಟಿಯೊಂದನ್ನು ಹಂಚಿ ಸುಮ್ಮನಾಗುವ ತರಬೇತಿಗಳಿಂದ ಆಗುವ ಹಾನಿ ಇದೇ.

ವೇದಿಕೆಗೆ ಐದು ಮೆಟ್ಟಿಲುಗಳಿದ್ದವು, ಇಳಿಜಾರು ಇರಲಿಲ್ಲ. ಸನ್ಮಾನಿತರ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ನಾಲ್ವರು ಗಾಲಿಕುರ್ಚಿಯನ್ನು ಎತ್ತಲು ಮುಂದಾದಾಗ ಅವರು ಬೇಡವೆಂದು ಕೈ ಅಡ್ಡ ಹಿಡಿದರು. ಅಧಿಕಾರಿ ಒಂದು ಗಳಿಗೆ ನಿಂತು, ಮೈಕು ಬಿಟ್ಟು, ಶಾಲು ಹಾರ ಹಿಡಿದು ತಾವೇ ಮೆಟ್ಟಿಲಿಳಿದು ಬಂದರು. ಆ ಹೊತ್ತಿಗೆ ಅವರ ಬಾಯಲ್ಲಿ ಯಾವ ಪದವಿತ್ತೆಂದು ಯಾರೂ ಗಮನಿಸಲಿಲ್ಲ.

ಮುಂದಿನ ವರ್ಷದ ಸಿದ್ಧತೆಯಲ್ಲಿ ಮಾಡಿದ ಬದಲಾವಣೆಗಳು ಹೆಚ್ಚಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಇಲಾಖೆಯ ಪದವನ್ನು ಹಾಗೆಯೇ ಬಿಟ್ಟೆವು. ಅದನ್ನು ಬದಲಿಸುವುದು ತಾಲ್ಲೂಕಿನ ಕೈಯಲ್ಲಿಲ್ಲ, ಅದರ ಬಗ್ಗೆ ಸಂಘದವರು ಮನವಿ ಕೊಟ್ಟಿದ್ದಾರೆ. ನಿರೂಪಣೆಯ ಪ್ರತಿಯಲ್ಲಿ ಮಾತ್ರ ಯಾರನ್ನೂ ಗುಂಪಿನ ಹೆಸರಿನಿಂದ ಕರೆಯದೆ ಹೆಸರು, ಊರು, ವೃತ್ತಿಯಿಂದ ಕರೆಯುವಂತೆ ಬರೆದೆ. ಸಂಜ್ಞೆ ಭಾಷೆ ಬಲ್ಲ ಶಿಕ್ಷಕಿಯೊಬ್ಬರನ್ನು ಕರೆಸಲಾಯಿತು. ವೇದಿಕೆಯನ್ನೇ ತೆಗೆದು ನೆಲದ ಮೇಲೆ ಕುರ್ಚಿ ಹಾಕಿದರು. ರಿಜಿಸ್ಟರಿನಲ್ಲಿ ‘ಮಾಹಿತಿ ಕೊಟ್ಟವರು: ಸ್ವತಃ / ಜೊತೆಗಾರರು’ ಎಂಬ ಒಂದು ಅಂಕಣ ಹೊಸದಾಗಿ ಸೇರಿತು. ಬುದ್ಧಿ ಬೆಳವಣಿಗೆಯ ತೊಂದರೆಯಿರುವ ಕೆಲವರಿಗೆ ಜೊತೆಗಾರರ ನೆರವು ನಿಜವಾಗಿಯೂ ಬೇಕು; ಆದರೆ ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾದ ಮೇಲೆ ಮಾತ್ರ ಎರಡನೆಯ ಗುರುತು ಹಾಕಬೇಕೆಂದು ಮೇಜಿನಲ್ಲಿ ಕೂರುವವರಿಗೆ ಹೇಳಲಾಯಿತು.

ಆ ವರ್ಷ ಮೇಜಿನಲ್ಲಿ ಕುಳಿತವರು ಎಂ.ಕಾಂ. ಓದಿದ ಆ ಮಹಿಳೆಯೇ. ನಾನು ಪಕ್ಕದಲ್ಲಿ ಬ್ಯಾಡ್ಜ್ ಕೊಡುತ್ತಿದ್ದೆ. ಊರುಗೋಲು ಹಿಡಿದ ವಯಸ್ಸಾದ ರೈತರೊಬ್ಬರು ಸೊಸೆಯ ಜೊತೆ ಬಂದರು. ಹಿಂದಿನ ವರ್ಷದವರೆಗೆ ಊರಿನಲ್ಲೂ ಕಾಗದಗಳಲ್ಲೂ ಅವರ ಹೆಸರಿನ ಹಿಂದೆ ‘ಕುಂಟ’ ಎಂಬುದು ಸೇರಿಕೊಂಡೇ ಇತ್ತು. ‘ಹೆಸರು ಹೇಳಿ’ ಎಂದೊಡನೆ ಸೊಸೆ ರೂಢಿಯಂತೆ ಬಾಯಿ ತೆರೆದಳು. ಈಕೆ ಪೆನ್ನನ್ನು ಕಾಗದದ ಮೇಲಿಂದ ಎತ್ತಿ, ಮುದುಕರ ಮುಖವನ್ನೇ ನೋಡುತ್ತಾ ಕಾದರು. ಅವರು ಸೊಸೆಯ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಹಳ್ಳಿಯ ಹೆಸರನ್ನೂ ನಿಧಾನವಾಗಿ ಹೇಳಿದರು. ಬರೆದು ಮುಗಿಯುವವರೆಗೂ ಊರುಗೋಲಿನ ಮೇಲೆ ಬಾಗಿ ಅಕ್ಷರಗಳನ್ನೇ ನೋಡುತ್ತಿದ್ದರು.